ಘಾಟು ಹತ್ತದ ಮೂಗು

ನಮ್ಮ ಬ್ಯಾಡಗಿಯಲ್ಲಿ ಕೆಮ್ಮನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಗಾಳಿ ನಮ್ಮ ಓಣಿಯತ್ತ ತಿರುಗಿತೆಂದರೆ ಕೂಸುಗಳಿಂದ ಮುದುಕರವರೆಗೆ ಎಲ್ಲರೂ ಕೆಮ್ಮುತ್ತಾರೆ, ಸೀನುತ್ತಾರೆ, ಮೂಗು ಒರೆಸಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅಡುಗೆ ಮಾಡುವವರಿಗೆ ಅದು ಖರೇ ಇರಬಹುದು. ಹಾಗೆ ಹೇಳುವವರು ಒಂದು ಮಧ್ಯಾಹ್ನ ಒಣಗಾಯಿಯ ರಾಶಿಯ ಪಕ್ಕ ಕುಳಿತು ನೋಡಲಿ. ರಾಶಿಯಿಂದೆದ್ದು ಮೂಗು ಹೊಕ್ಕು ಗಂಟಲಿಗೆ ಇಳಿಯುವ ಆ ಧೂಳಿನ ಉರಿಗೆ ನಾವು ಘಾಟು ಎನ್ನುತ್ತೇವೆ. ಯಾರಾದರೂ ಕೆಮ್ಮಿದರೆ ‘ಘಾಟು ಹತ್ತೈತಿ’ ಎನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯಿತು. ನೀರು ಕೊಡುವವರೂ ಇಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ನಮ್ಮ ಮನೆಯಲ್ಲಿ ಆದದ್ದೆಲ್ಲ ಈ ಒಂದು ಮಾತಿಗೆ ಸುತ್ತಿಕೊಂಡೇ ಆಯಿತು. ಅದಕ್ಕೇ ಅದನ್ನು ಮೊದಲು ಹೇಳಿದೆ.

ನನ್ನ ಹೆಸರು ರೇಣುಕಾ. ಅಪ್ಪ ಮಾರುಕಟ್ಟೆಯಲ್ಲಿ ಹಮಾಲ; ಚೀಲ ಹೊರುತ್ತಾನೆ. ಅವ್ವ ತುಂಬು ಬಿಡಿಸುವವಳು. ಮೆಣಸಿನಕಾಯಿಯ ತೊಟ್ಟಿಗೆ ನಾವು ತುಂಬು ಎನ್ನುತ್ತೇವೆ. ದಿನವಿಡೀ ಕುಳಿತು ಒಂದೊಂದೇ ಕಾಯಿಯ ತುಂಬು ಕಿತ್ತು ಹಾಕುವುದು ಅವಳ ಕೆಲಸ. ಅವರಿಬ್ಬರಿಗೂ ಓದು ಬರುವುದಿಲ್ಲ. ನಮ್ಮ ಮನೆತನದಲ್ಲಿ, ಅಪ್ಪನ ಕಡೆಯೂ ಅವ್ವನ ಕಡೆಯೂ, ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳುವಾಗ ದನಿ ತಗ್ಗಿಸುವ ಅಭ್ಯಾಸ ನನಗಿಲ್ಲ. ಈಗ ರಾಣೇಬೆನ್ನೂರಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ.

ಕೊರೊನಾ ಎಂದರೆ ಜನ ಈಗ ಮಾತು ಬದಲಿಸುತ್ತಾರೆ. ಮುಗಿದುಹೋದದ್ದನ್ನು ಯಾಕೆ ಕೆದಕುತ್ತೀ ಎನ್ನುತ್ತಾರೆ. ಎಲ್ಲರ ಮನೆಯಲ್ಲೂ ಅದು ಮುಗಿದಿಲ್ಲ. ಮುಗಿಯದವರ ಮನೆಯಲ್ಲಿ ಯಾರಾದರೂ ಇದನ್ನು ಓದಿದರೆ, ಇಂಥ ಮನೆ ಇನ್ನೊಂದಿದೆ ಎಂದಾದರೂ ಗೊತ್ತಾಗಲಿ.

ಆಗ ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಹಾಸ್ಟೆಲ್ ಖಾಲಿ ಮಾಡಿ ಎಂದರು. ಟ್ರಂಕು, ಹಾಸಿಗೆ ಕಟ್ಟಿಕೊಂಡು ಬ್ಯಾಡಗಿಗೆ ಬಂದೆ. ಕ್ಲಾಸುಗಳೆಲ್ಲ ಮೊಬೈಲಿಗೆ ಬಂದವು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ, ಬಾಗಿಲ ಹೊಸ್ತಿಲ ಹತ್ತಿರ. ಲಾಕ್‌ಡೌನ್ ಆಗಿ ಮಾರುಕಟ್ಟೆಯ ಶೆಡ್ಡುಗಳಲ್ಲಿ ಹೆಂಗಸರು ಕೂರುವಂತಿರಲಿಲ್ಲ. ವರ್ತಕರು ಚೀಲಗಳನ್ನು ಮನೆಗೇ ಕಳಿಸುತ್ತಿದ್ದರು. ಆ ಚೀಲ ಸುರಿದು ರಾಶಿ ಹಾಕಲು ಇದ್ದ ಜಾಗವೂ ಅದೊಂದೇ. ಹೀಗಾಗಿ ಅವ್ವ, ಪಕ್ಕದ ಮನೆಯ ಮಾಬವ್ವ ಚಿಗವ್ವ, ಮೆಣಸಿನಕಾಯಿ ರಾಶಿ ಮತ್ತು ನಾನು, ನಾಲ್ವರೂ ಒಂದೇ ಕಡೆ ಕೂರುತ್ತಿದ್ದೆವು. ಮೊಬೈಲನ್ನು ಚೀಲಕ್ಕೆ ಒರಗಿಸಿ ಇಡುತ್ತಿದ್ದೆ.

ಪ್ರಾಕ್ಟಿಕಲ್ಲನ್ನೂ ಮೊಬೈಲಿನಲ್ಲೇ ನೋಡಿ ಕಲಿತವರು ನಾವು. ಕೆಮಿಸ್ಟ್ರಿ ಸರ್ ಖಾಲಿ ಲ್ಯಾಬಿನಲ್ಲಿ ಒಬ್ಬರೇ ನಿಂತು ಹನಿ ಹನಿ ಬಿಡುತ್ತ, “ಬಣ್ಣ ಬದಲಾತೇನ್ರಿ?” ಎಂದು ಕೇಳುವರು. ಅಷ್ಟು ಹೊತ್ತಿಗೆ ನೆಟ್‌ವರ್ಕ್ ನಿಂತು ಚಿತ್ರ ಕಲ್ಲಾಗಿರುತ್ತಿತ್ತು. ನಾವೆಲ್ಲ “ಆತ್ರಿ ಸರ್” ಎನ್ನುತ್ತಿದ್ದೆವು.

ಅವ್ವನಿಗೂ ಮಾಬವ್ವನಿಗೂ ಘಾಟು ರೂಢಿಯಾಗಿತ್ತು. ಒಂದೆರಡು ಸಲ ಕೆಮ್ಮಿ ಸುಮ್ಮನಾಗುವರು. ವರ್ಷಗಟ್ಟಲೆ ಹಾಸ್ಟೆಲಿನಲ್ಲಿದ್ದ ನನ್ನ ಮೂಗಿಗೆ ಅದು ತಡೆಯುತ್ತಿರಲಿಲ್ಲ. ಉತ್ತರ ಹೇಳಲು ಮೈಕ್ ತೆರೆದರೆ ಸಾಕು, ಮಾತಿನ ಬದಲು ಸೀನು ಬರುತ್ತಿತ್ತು.

“ಯಾರ್ರಿ ಅದು ಸೀನಾಕತ್ತಾರ? ದವಾಖಾನಿಗೆ ತೋರ್ಸ್ರಿ ಮೊದಲ,” ಎಂದು ಸರ್ ಒಂದು ದಿನ ಗಾಬರಿಯಾದರು.

“ಜಡ್ಡಲ್ರಿ ಸರ್, ಬ್ಯಾಡಗಿ ಅದು,” ಎಂದಳು ಸವಿತಾ. ಅಗಡಿಯವಳು, ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವಳು.

ಅಂದಿನಿಂದ ಕ್ಲಾಸಿನಲ್ಲಿ ನನ್ನ ಹೆಸರೇ ಬ್ಯಾಡಗಿ ಆಯಿತು. ಹಾಜರಿ ಕರೆಯುವಾಗ ನಾನು ಸೀನಿದರೆ, “ಹಾಂ, ಬಂದ್ರು ಬ್ಯಾಡಗಿಯವರು,” ಎಂದು ಸರ್ ಗುರುತು ಹಾಕಿಕೊಳ್ಳುತ್ತಿದ್ದರು.

ಓಣಿಗೆ ಆಶಾ ಕಾರ್ಯಕರ್ತೆ ಬಂದು ಮನೆಮನೆಯ ಮುಂದೆ ನಿಂತು ಕೇಳುತ್ತಿದ್ದಳು, “ಮನ್ಯಾಗ ಯಾರಿಗರ ಕೆಮ್ಮು ಐತೇನ್ರಿ?”

ಮಾಬವ್ವ ಕೈಯಲ್ಲಿದ್ದ ಕಾಯಿ ಕೆಳಗಿಡದೆ ಹೇಳಿದಳು, “ಕೆಮ್ಮಿಲ್ಲದವರು ಯಾರರ ಅದಾರೇನು ಅಂತ ಕೇಳವ್ವಾ. ಲಗೂ ಮುಗೀತೈತಿ ನಿನ್ನ ಕೆಲಸ.”

ಎಲ್ಲರೂ ನಕ್ಕರು. ಮಾಸ್ಕಿನ ಒಳಗೇ ನಕ್ಕ ಆಶಾಕ್ಕನಿಗೂ ಘಾಟು ಹತ್ತಿ ಕೆಮ್ಮು ಬಂತು. “ನೋಡ್ರಿ, ಇಕಿನ್ನೂ ಬರಕೋರಿ,” ಎಂದಳು ಮಾಬವ್ವ.

ಒಂದು ದಿನ ನಾನು ಸೀನಲಿಲ್ಲ.

ಅದನ್ನು ಮೊದಲು ಗುರುತಿಸಿದವರು ಸರ್. “ಬ್ಯಾಡಗಿ ಎಲ್ಲಿ? ಇವತ್ತ ಗೈರೇನು?”

“ಇದ್ದೇನ್ರಿ ಸರ್.”

“ಸದ್ದ ಇಲ್ಲಲ್ಲ, ಅದಕ್ಕ ಕೇಳಿದೆ.”

ರಾಶಿ ಎಂದಿನಂತೆಯೇ ಇತ್ತು. ಮಾಬವ್ವ ಚೀಲ ಕೊಡವಿದಾಗ ಕೆಂಪು ಧೂಳು ನನ್ನ ಮೊಬೈಲಿನ ಮೇಲೂ ಕುಳಿತಿತ್ತು. ನನಗೆ ಏನೂ ಆಗಲಿಲ್ಲ. ಅವ್ವನ ಮುಖ ಅರಳಿತು. “ಈಗ ಆದಿ ನೋಡು ನೀ ಈ ಊರಿನ ಮಗಳು. ಮೂಗು ಹದಕ್ಕ ಬಂತು,” ಎಂದಳು. ನನಗೂ ಹಿಗ್ಗಾಯಿತು. ಓದಿದವಳ ಮೂಗು ನಾಜೂಕಾಗಿಬಿಟ್ಟಿದೆ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರಲ್ಲ, ಇನ್ನು ಆ ಮಾತಿಲ್ಲ ಎಂದುಕೊಂಡೆ.

ಮಧ್ಯಾಹ್ನ ರೊಟ್ಟಿಯ ಜೊತೆ ಕೆಂಪು ಖಾರ ಹಚ್ಚಿಕೊಂಡು ತಿಂದೆ. ಮತ್ತಷ್ಟು ಹಚ್ಚಿಕೊಂಡೆ. ಬಾಯಲ್ಲಿ ಒದ್ದೆ ಮಣ್ಣು ಇಟ್ಟುಕೊಂಡ ಹಾಗಿತ್ತು. “ಇದಕ್ಕ ಉಪ್ಪೂ ಹಾಕಿಲ್ಲೇನ ಬೇ?” ಎಂದೆ. ಅವ್ವ ನನ್ನ ತಾಟು ನೋಡಿದಳು. ಅಷ್ಟು ಖಾರವನ್ನು ಹಮಾಲರೂ ತಿನ್ನುವುದಿಲ್ಲ.

ನೀರು ಕುಡಿಯಲು ಬಂದಿದ್ದ ಮಾಬವ್ವ ಬಾಗಿಲಲ್ಲೇ ನಿಂತಳು. ನೇರ ಒಳಗೆ ಹೋಗಿ, ಒಲೆಯ ಮೇಲೆ ಇನ್ನೂ ಕಾದಿದ್ದ ರೊಟ್ಟಿ ಹಂಚಿನ ಮೇಲೆ ಒಂದು ಹಿಡಿ ಕಾಯಿ ಹಾಕಿದಳು. ಒಣಮೆಣಸಿನಕಾಯಿ ಹಂಚಿನ ಮೇಲೆ ಕರಕಾದರೆ ಮನೆಯಲ್ಲಿ ಒಂದು ಇಲಿಯೂ ನಿಲ್ಲುವುದಿಲ್ಲ. ಅಪ್ಪ ಕೆಮ್ಮುತ್ತ ಅಂಗಳಕ್ಕೆ ಓಡಿದ. ಅವ್ವ ಸೆರಗು ಮುಚ್ಚಿಕೊಂಡು ಓಡಿದಳು. ಹಾಕಿದ ಮಾಬವ್ವನೂ ನಿಲ್ಲಲಾರದೆ ಹೊರಬಿದ್ದಳು. ಆ ಹೊಗೆಯಲ್ಲಿ ತಾಟು ಹಿಡಿದುಕೊಂಡು ನಾನೊಬ್ಬಳೇ ನಿಂತಿದ್ದೆ. ಒಂದು ಸೀನಿಲ್ಲ, ಒಂದು ಕೆಮ್ಮಿಲ್ಲ. ಅಂಗಳದಲ್ಲಿ ಆ ಮೂವರೂ ಕಣ್ಣು ಒರೆಸಿಕೊಳ್ಳುತ್ತ, ಒಳಗೆ ಯಾರೋ ಸತ್ತಿದ್ದಾರೆ ಎಂಬಂತೆ ನನ್ನನ್ನು ನೋಡುತ್ತಿದ್ದರು.

“ಬಂತು,” ಎಂದಳು ಮಾಬವ್ವ. “ಮನಿಗೆ ಬಂತು ಅದು.”

ಸಂಜೆಗೆ ಜ್ವರ ಏರಿತು. ತಾಲ್ಲೂಕು ದವಾಖಾನೆಯಲ್ಲಿ ಮೂಗಿನೊಳಗೆ ಕಡ್ಡಿ ಹಾಕಿ ನೋಡಿದರು, ಪಾಸಿಟಿವ್ ಬಂತು. ಆಂಬುಲೆನ್ಸ್ ಓಣಿಯೊಳಗೆ ಬಂದಾಗ ಎಲ್ಲರ ಮನೆಯ ಬಾಗಿಲೂ ಹಾಕಿಕೊಂಡವು; ಕಿಟಕಿಗಳು ಮಾತ್ರ ತೆರೆದಿದ್ದವು. ಅವ್ವ ಚೀಲದಲ್ಲಿ ರೊಟ್ಟಿ, ಪುಸ್ತಕ, ಚಾರ್ಜರ್ ತುಂಬಿ ಹೊಸ್ತಿಲ ಮೇಲೆ ಇಟ್ಟು ಹಿಂದೆ ಸರಿದಳು. ನಾನು ಬಂದು ಎತ್ತಿಕೊಳ್ಳಬೇಕಿತ್ತು. ಹೆತ್ತವಳ ಕೈಯಿಂದ ಚೀಲ ಇಸಿದುಕೊಳ್ಳಲೂ ಆಗದಂಥ ಜಡ್ಡು ಇದೊಂದೇ ಇರಬೇಕು.

ಇಳಿಸಿದ್ದು ಎಲ್ಲಿ ಗೊತ್ತೇ? ಹಾವೇರಿಯಲ್ಲಿ, ನಮ್ಮದೇ ಹಾಸ್ಟೆಲಿನಲ್ಲಿ. ಅದನ್ನು ಕೋವಿಡ್ ಕೇರ್ ಸೆಂಟರ್ ಮಾಡಿದ್ದರು. ಯಾವ ಗೇಟಿನಿಂದ ಹೊರಗೆ ಕಳಿಸಿದ್ದರೋ ಅದೇ ಗೇಟಿನಿಂದ ಒಳಗೆ ಕರೆದುಕೊಂಡರು. ನನಗೆ ಕೊಟ್ಟ ಮಂಚದ ಮೇಲಿನ ಗೋಡೆಯಲ್ಲಿ ಯಾವಳೋ ಬರೆದ ಸೂತ್ರಗಳು ಹಾಗೇ ಇದ್ದವು. ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ರಾತ್ರಿ ಹಗಲೆನ್ನದೆ ತನ್ನ ಎಮ್ಮೆಯ ಹೆಸರು ಕರೆಯುತ್ತಿದ್ದಳು. ಒಂದು ಬೆಳಿಗ್ಗೆ ಅವಳನ್ನು ದೊಡ್ಡ ದವಾಖಾನೆಗೆ ಒಯ್ದರು. ಅವಳ ಚಪ್ಪಲಿ ಮಂಚದ ಕೆಳಗೆ ಉಳಿದಿತ್ತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಜ್ವರ ಒಂದು ಕಡೆ. ಅಂಜಿಕೆಯೇ ಹೆಚ್ಚು ದಣಿಸುತ್ತಿತ್ತು. ನಿದ್ದೆ ಹತ್ತಿತು ಎನ್ನುವಾಗ ಉಸಿರು ನಿಂತಂತಾಗಿ ಎದ್ದು ಕೂರುತ್ತಿದ್ದೆ. ಈ ಅನುಭವ ಆದವರು ಹಲವರಿದ್ದೀರಿ ಎಂದು ಬಲ್ಲೆ. ಹಾಗೆ ಎದ್ದು ಕುಳಿತಾಗ ನಾನು ಮಾಡುತ್ತಿದ್ದುದು ಒಂದೇ, ಸವಿತಾ ಕಳಿಸಿದ ಪಾಠದ ಧ್ವನಿ ಸಂದೇಶ ಕಿವಿಗೆ ಹಚ್ಚಿಕೊಳ್ಳುವುದು. ಅವಳು ಅಗಡಿಯಲ್ಲಿ ಹೊಲದ ಬದುವಿನ ಮೇಲೆ ಕುಳಿತು ಓದಿ ಕಳಿಸುತ್ತಿದ್ದಳು. ನಡುನಡುವೆ “ಏ, ಹಾಯ್ತೈತಿ, ಆ ಹೋರಿ ಕಟ್ಟೋ” ಎಂದು ತಮ್ಮನನ್ನು ಬೈಯುವುದೂ ಅದರಲ್ಲಿ ಸೇರಿರುತ್ತಿತ್ತು. ಪಾಠಕ್ಕಿಂತ ಆ ಬೈಗುಳ ಕೇಳಿ ನನಗೆ ನಿದ್ದೆ ಬರುತ್ತಿತ್ತು.

ಇತ್ತ ಓಣಿಯಲ್ಲಿ ಮಾಬವ್ವ ಡಾಕ್ಟರಾಗಿದ್ದಳು. ನನ್ನನ್ನು ಕಂಡುಹಿಡಿದವಳು ಅವಳೇ ತಾನೇ. ಹಳೆಯ ಬಾಣಲೆಯಲ್ಲಿ ಕೆಂಡ ಹಾಕಿಕೊಂಡು, ಅದರ ಮೇಲೆ ಕಾಯಿ ಚೆಲ್ಲಿ, ಮನೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳಂತೆ. ಸೀನಿದವರು ಪಾಸ್, ಸೀನದವರು ನಪಾಸು. ಅದಕ್ಕೆ ಓಣಿಯಲ್ಲಿ ‘ಘಾಟು ನೋಡೂದು’ ಎಂಬ ಹೆಸರೂ ಬಂತು. ಹಾಗೆ ಸಿಕ್ಕ ಇಬ್ಬರು ವೇಳೆಗೆ ಸರಿಯಾಗಿ ದವಾಖಾನೆಗೆ ಹೋಗಿ ಉಳಿದರು ಕೂಡ. ಕಡ್ಡಿ ಹಾಕಿಸಿಕೊಳ್ಳಲು ಅಂಜುವ ಜನ, ಘಾಟಿಗೆ ಮಾತ್ರ ಸಾಲು ನಿಂತು ಮೂಗು ಒಡ್ಡಿದರು. ಅದು ನಮ್ಮ ಊರಿನ ಪರೀಕ್ಷೆ, ನಮ್ಮ ಕಾಯಿಯ ಪರೀಕ್ಷೆ. ನಂಬಿಕೆ ಬರದೆ ಇರುತ್ತದೆಯೇ?

ಅವ್ವ ಅಪ್ಪನ ಫೋನಿನಿಂದ ಸಂಭ್ರಮದಲ್ಲಿ ಹೇಳಿದಳು, “ಇವತ್ತ ನನಗ ಘಾಟು ನೋಡಿದ್ರು ಬೇ. ಹೆಂಗ ಸೀನಿದೆ ಅಂದ್ರ... ಆಚಿ ಓಣಿಗೂ ಕೇಳ್ತು. ನನಗೇನೂ... ಆಗಿಲ್ಲ. ನೀ ಕಾಳಜಿ ಬಿಡು. ಕ್ಲಾಸ್... ಬಿಡಬ್ಯಾಡ.”

“ಯಾಕ ಬೇ ಮಾತಿಗೊಮ್ಮೆ ನಿಂದರ್ತೀ?”

“ಘಾಟಿಗೆ.”

ನಾನೂ ನಂಬಿದೆ. ನಮ್ಮಲ್ಲಿ ಕೆಮ್ಮಿಗೂ ದಮ್ಮಿಗೂ ಇರುವ ಉತ್ತರ ಅದೊಂದೇ.

ಸೆಂಟರಿನಲ್ಲಿ ಬೆಳಿಗ್ಗೆ ಸಿಸ್ಟರ್ ಬಂದು ಬೆರಳಿಗೆ ಮಷಿನ್ ಹಾಕುತ್ತಿದ್ದರು. ಮಷಿನ್ ಕಡಿಮೆ ಬಿದ್ದ ದಿನ, “ಒಂದ ಉಸಿರಿಗೆ ಎಣಿಸ್ರಿ, ಎಲ್ಲಿತನಕ ಹೋಗ್ತೀರಿ ನೋಡೋಣು,” ಎನ್ನುತ್ತಿದ್ದರು. ಆ ಬೆಳಿಗ್ಗೆ ನಾನು ಮೂವತ್ತರ ಆಚೆ ಹೋದೆ. ಸಿಸ್ಟರ್ ಬೆನ್ನು ತಟ್ಟಿ ಹೋದರು. ಖುಷಿ ಹೇಳಿಕೊಳ್ಳಲು ಅವ್ವನಿಗೆ ಫೋನ್ ಮಾಡಿದೆ. “ನೀನೂ ಎಣಿಸು ನೋಡೂನು, ಒಂದ ಉಸಿರಿಗೆ,” ಎಂದೆ, ಆಟಕ್ಕೆಂಬಂತೆ.

ಅವ್ವನಿಗೆ ಓದು ಬರದಿದ್ದರೂ ಎಣಿಕೆ ಚೆನ್ನಾಗಿ ಬರುತ್ತದೆ. “ಒಂದು, ಎರಡು, ಮೂರು, ನಾಕು...” ಎಂದಳು. ಏಳಕ್ಕೆ ನಿಂತಳು. ಮತ್ತೆ ಮೊದಲಿನಿಂದ ಶುರುಮಾಡಿ ಐದಕ್ಕೆ ನಿಂತಳು. ಆಮೇಲೆ ಫೋನಿನಲ್ಲಿ ಅವಳ ಉಸಿರಷ್ಟೇ ಕೇಳಿಸುತ್ತಿತ್ತು, ಗಿರಣಿಯ ಬೆಲ್ಟು ಜಾರಿದ ಹಾಗೆ.

ಅಪ್ಪ ಫೋನ್ ಇಸಿದುಕೊಂಡ. “ಯಪ್ಪಾ, ಆಕಿನ್ನ ಈಗಿಂದೀಗ ದವಾಖಾನಿಗೆ ಕರ್ಕೊಂಡು ಹೋಗು,” ಎಂದೆ.

“ಯಾಕ ಬೇ? ಆಕಿ ಸೀನಿದ್ಳಲ್ಲ!”

“ಸೀನಿದವರಿಗೂ ಬರ್ತೈತಿ ಯಪ್ಪಾ.”

ಅಪ್ಪ ಬಹಳ ಮೆಲ್ಲಗೆ, “ಮಾಬವ್ವನೂ ಸೀನ್ಯಾಳ. ನಿನ್ನೆಯಿಂದ ಆಕಿ ಎದ್ದಿಲ್ಲ,” ಎಂದ.

ಹಾವೇರಿಯಲ್ಲಿ ಆಕ್ಸಿಜನ್ ಬೆಡ್ ಖಾಲಿ ಇರಲಿಲ್ಲ. ರಾಣೇಬೆನ್ನೂರಿನಲ್ಲಿ ಒಂದು ಸಿಕ್ಕಿತು. ಹೇಗೆ ಖಾಲಿಯಾಯಿತು ಎಂದು ಅಪ್ಪ ಕೇಳಲಿಲ್ಲ, ಕೇಳುವಂಥದ್ದೂ ಅಲ್ಲ. ಅವ್ವ ರಾಣೇಬೆನ್ನೂರಿನಲ್ಲಿ, ನಾನು ಹಾವೇರಿಯಲ್ಲಿ, ಸೀಲ್ ಮಾಡಿದ ಓಣಿಯೊಳಗೆ ಅಪ್ಪ ಬ್ಯಾಡಗಿಯಲ್ಲಿ. ಮೊದಲೆಲ್ಲ ಒಂದು ಊರಿನಲ್ಲಿ ಬಸ್ ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಇನ್ನೊಂದು ಊರು ಬರುತ್ತಿತ್ತು.

ಮಾಬವ್ವ ಮನೆಯಲ್ಲೇ ತೀರಿಕೊಂಡಳು. ಎರಡು ಜೀವ ಉಳಿಸಿದವಳು ತನ್ನ ಸೀನನ್ನೇ ನಂಬಿ ಮಲಗಿಬಿಟ್ಟಳು. ಅಪ್ಪ ಫೋನಿನಲ್ಲಿ ಹೇಳಿದಾಗ, “ಅವ್ವನ ಮುಂದ ಈಗ ಹೇಳಬ್ಯಾಡ,” ಎಂದು ಮಾತ್ರ ಅಂದೆ. ಅಳುವುದಕ್ಕೂ ಆಗ ಸರದಿ ಇತ್ತು.

ನನ್ನನ್ನು ಸೆಂಟರಿನಿಂದ ಬಿಟ್ಟ ದಿನ ಮನೆಗೆ ಹೋಗಲಿಲ್ಲ. ರಾಣೇಬೆನ್ನೂರಿಗೆ ಹೋದೆ. ಅಪ್ಪನ ಪರಿಚಯದ ನೇಕಾರ ಮುದುಕಿಯೊಬ್ಬಳ ಮನೆಯ ಪಡಸಾಲೆಯಲ್ಲಿ ರಾತ್ರಿ ಮಲಗುವುದು, ಬೆಳಗಾದರೆ ದವಾಖಾನೆಯ ಬಯಲಿಗೆ ಬರುವುದು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಚಾದರ ಹಾಸಿಕೊಂಡು ಹತ್ತೂರಿನ ಜನ ಕೂರುತ್ತಿದ್ದೆವು. ಮೆಟ್ಟಿಲ ಮೇಲಿನ ಬಾಗಿಲು ತೆರೆದು ಒಬ್ಬರು ಹೊರಗೆ ಬಂದು ರೋಗಿಯ ಹೆಸರು ಕೂಗುತ್ತಿದ್ದರು. ಔಷಧಿ ತರಲೂ ಅದೇ ಕೂಗು, ಡಿಸ್ಚಾರ್ಜಿಗೂ ಅದೇ ಕೂಗು, ಹೆಣ ಗುರುತಿಸಲೂ ಅದೇ ಕೂಗು. ಬಾಗಿಲು ತೆರೆದರೆ ಸಾಕು, ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಹೆಸರು ನಮ್ಮದಲ್ಲ ಎಂದಾದರೆ ಬಾಯಿ ಮತ್ತೆ ಆಡುತ್ತಿತ್ತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಬಹಳ ನಾಚಿಕೆಯಾಗುತ್ತಿತ್ತು.

ಕ್ಲಾಸುಗಳು ನಡೆದೇ ಇದ್ದವು. ಅವ್ವ ಬಿಡಬೇಡ ಎಂದಿದ್ದಳಲ್ಲ; ಬೇವಿನ ಮರದ ಕೆಳಗೇ ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಇನ್ನೊಂದು ಕಿವಿ ಆ ಬಾಗಿಲಿನದು. ಒಂದು ದಿನ ಉತ್ತರ ಹೇಳಲು ಮೈಕ್ ತೆರೆದಾಗ ಆಂಬುಲೆನ್ಸಿನ ಕೂಗು ಕ್ಲಾಸಿಗೆಲ್ಲ ಕೇಳಿಸಿತು.

“ರೇಣುಕಾ, ಎಲ್ಲಿದ್ದೀರಿ ನೀವು?” ಸರ್ ಅಂದು ಬ್ಯಾಡಗಿ ಎನ್ನಲಿಲ್ಲ.

“ರಾಣೇಬೆನ್ನೂರು ದವಾಖಾನ್ಯಾಗ ಅದೀನ್ರಿ ಸರ್. ನಮ್ಮವ್ವ ಒಳಗದಾಳ.”

ಸರ್, “ಕೂತಿರ್ರಿ. ಹೆಸರು ಕರೆದ್ರ ಹೇಳದ ಎದ್ದು ಹೋಗ್ರಿ. ನಾ ಇವತ್ತಿಂದು ನಾಳಿ ಮತ್ತೊಮ್ಮೆ ಮಾಡ್ತೇನಿ,” ಎಂದರು. ಮರುದಿನ ಅದೇ ಪಾಠವನ್ನು ಮತ್ತೆ ಮೊದಲಿನಿಂದ ಮಾಡಿದರು. ಕ್ಲಾಸಿನಲ್ಲಿ ಒಬ್ಬರೂ ಯಾಕೆ ಎಂದು ಕೇಳಲಿಲ್ಲ.

ವಾರ್ಡಿನ ಸಿಸ್ಟರೊಬ್ಬರು ಕೆಲಸ ಮುಗಿಸಿ ಹೋಗುವ ಮುಂಚೆ ತಮ್ಮ ಫೋನಿನಿಂದ ವಿಡಿಯೊ ಕಾಲ್ ಮಾಡಿ ಅವ್ವನ ಮುಖ ತೋರಿಸುತ್ತಿದ್ದರು. ಮುಖವೆಂದರೆ ಮಾಸ್ಕು, ಅದರ ಮೇಲೆ ಎರಡು ಕಣ್ಣು. ಒಂದು ದಿನ ಅವ್ವ ಕೈಯಿಂದ ಮಾಸ್ಕು ಸರಿಸಿ ಕೇಳಿದಳು, “ಪರೀಕ್ಷಿ ಯಾವಾಗ?”

“ಮುಂದ ಹೋಗೈತಿ ಬೇ.”

“ಅಷ್ಟೊತ್ತಿಗೆ... ನಾ ಇರ್ತೇನಿ?”

“ಇರ್ತೀ ತಗೋ. ಆರಾಮ ಆಗ್ತೀ.”

“ನೀ ಸೈನ್ಸ್ ಓದಾಕಿ. ಖರೇ ಹೇಳು.”

ಹಿಂದೆ ಸಿಸ್ಟರ್ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ನನಗೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. “ಗೊತ್ತಿಲ್ಲ ಯವ್ವಾ,” ಎಂದೆ.

ಅವ್ವ ಕಣ್ಣು ಮುಚ್ಚಿ ತೆರೆದಳು. “ಸಾಕು. ಎಲ್ಲಾರೂ ಆರಾಮ ಆಗ್ತೀ ಅಂತಾರ. ಅದಕ್ಕ... ಅಂಜಿಕಿ ಬರ್ತಿತ್ತು. ಈ ಮಂಚದಾಕಿಗೂ... ಹಂಗ ಅಂದಿದ್ರು.” ಅವಳು ಕೈ ತೋರಿಸಿದ ಕಡೆಗೆ ಸಿಸ್ಟರ್ ಫೋನ್ ತಿರುಗಿಸಲಿಲ್ಲ. ಆಮೇಲೆ ಅವ್ವ ಕೇಳಿದಳು, “ಮಾಬವ್ವ ಯಾಕ... ಒಂದ ಫೋನೂ ಮಾಡವಲ್ಲು?”

“ಆಕಿ ಫೋನ್ ಕೆಟ್ಟೈತಿ.”

ಅವ್ವ ಮಾಸ್ಕು ಮತ್ತೆ ಏರಿಸಿಕೊಂಡಳು.

ಬಾಗಿಲು ತೆರೆದು ಅವಳ ಹೆಸರು ಕೂಗಿದ ದಿನ, ಪಕ್ಕದಲ್ಲಿ ಗಂಡನಿಗಾಗಿ ಕಾಯುತ್ತಿದ್ದ, ಹೆಸರೂ ಕೇಳಿರದ ಹೆಂಗಸೊಬ್ಬಳು ನನ್ನ ರಟ್ಟೆ ಹಿಡಿದು ಮೆಟ್ಟಿಲವರೆಗೆ ನಡೆಸಿಕೊಂಡು ಹೋದಳು. ಡಿಸ್ಚಾರ್ಜ್ ಎಂದರು. ಆಗ ಅತ್ತೆ. ಆ ಹೆಂಗಸಿನ ಗಂಡನ ಹೆಸರು ಯಾವ ಕೆಲಸಕ್ಕೆ ಕೂಗಿದರೋ ನನಗೆ ಇಂದಿಗೂ ಗೊತ್ತಿಲ್ಲ.

ಗಾಲಿ ಕುರ್ಚಿಯಲ್ಲಿ ಹೊರಬಂದವಳನ್ನು ಮೊದಲ ನೋಟಕ್ಕೆ ನಾನು ಗುರುತಿಸಲಿಲ್ಲ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿ, ಪುಪ್ಪುಸ ಮೊದಲಿನಂತೆ ಆಗುವುದಿಲ್ಲ ಎಂದರು. “ಮೆಣಸಿನಕಾಯಿ ಕೆಲಸ ಬಿಡಬೇಕು ನೋಡ್ರಿ.”

“ಬಿಟ್ಟೆ ತಗೋರಿ,” ಎಂದಳು ಅವ್ವ.

“ಕೆಲಸ ಅಷ್ಟ ಅಲ್ಲಮ್ಮಾ. ಘಾಟು ಇರೋ ಕಡೆ ಇರಬಾರದು.”

ಅವ್ವ ನನ್ನ ಮುಖ ನೋಡಿದಳು. ಬ್ಯಾಡಗಿಯಲ್ಲಿ ಘಾಟು ಇಲ್ಲದ ಕಡೆ ಯಾವುದು?

ಮನೆಗೆ ಬಂದಾಗ ಮಳೆಗಾಲ, ಮಾರುಕಟ್ಟೆ ತಣ್ಣಗಿತ್ತು. ಪಕ್ಕದ ಮನೆಯ ಬಾಗಿಲು ನೋಡಿಯೂ ಅವ್ವ ಏನೂ ಕೇಳಲಿಲ್ಲ. ನಾನೇ ಹೇಳಲು ಕುಳಿತೆ. ಅವಳು ಕೈ ಅಡ್ಡ ಮಾಡಿದಳು. “ಗೊತ್ತೈತಿ ಬಿಡು. ಆಕಿ ಇದ್ದಿದ್ರ ನನ್ನ ಬೈಯ್ಯಾಕರ ಯಾರದರ ಫೋನ್ ಇಸ್ಕೊತಿದ್ಳು.” ಅಂದು ಅವಳು ಅಳುವುದಕ್ಕೆ ಹೋಗಿ, ಅಳುವಷ್ಟು ಉಸಿರು ಇಲ್ಲದೆ, ಬರೀ ತೂಗಿದಳು. ಆ ಬರಗಾಲದ ಅಳುವನ್ನು ನಾನು ಮರೆಯಲಾರೆ.

ಪರೀಕ್ಷೆ ಕೊನೆಗೂ ಹಾವೇರಿಯಲ್ಲಿ ಆಯಿತು. ಮಾಸ್ಕು ಹಾಕಿಕೊಂಡು ಬರೆದೆವು. ಪಾಸಾದೆ, ಪಾಸಾದೆ ಎಂದರೆ ಫಸ್ಟ್ ಕ್ಲಾಸಿನಲ್ಲಿ. ಮೊಬೈಲಿನಲ್ಲಿ ಫಲಿತಾಂಶ ತೆರೆದು ತೋರಿಸಿದಾಗ ಅವ್ವ, “ಇದರಾಗ ನಿನ್ನ ಹೆಸರು ಯಾವುದು?” ಎಂದು ಕೇಳಿ, ಅದರ ಮೇಲೆ ಬೆರಳಿಟ್ಟಳು. ಬೆರಳು ತಾಗಿ ಪುಟ ಸರಿದುಹೋಯಿತು. “ಅಯ್ಯ, ಅಳಿಸಿತೇನ ಬೇ?” ಎಂದು ಗಾಬರಿಯಾದಳು. ಅಳಿಸುವಂಥದ್ದಲ್ಲ ಅದು ಎಂದೆ.

ಚಳಿ ಬಿತ್ತು, ಹೊಸ ಕಾಯಿಯ ಚೀಲಗಳು ಬರತೊಡಗಿದವು. ಗಾಳಿ ನಮ್ಮ ಓಣಿಯತ್ತ ತಿರುಗಿದ ಮೊದಲ ದಿನವೇ ಅವ್ವ ಗೋಡೆ ಹಿಡಿದು ಕುಸಿದಳು. ಕಿಟಕಿ ಬಾಗಿಲಿಗೆಲ್ಲ ಒದ್ದೆ ಚಾದರ ಕಟ್ಟಿದೆವು. ಘಾಟು ಚಾದರಕ್ಕೆ ನಿಲ್ಲುತ್ತದೆಯೇ? ಮತ್ತೆ ಅದೇ ರಾಣೇಬೆನ್ನೂರು, ಅದೇ ಮೆಟ್ಟಿಲು. ಈ ಸಲ ನಾವು ತಿರುಗಿ ಹೋಗಲಿಲ್ಲ. ಡಿಗ್ರಿ ಇದ್ದದ್ದಕ್ಕೆ ನನಗೆ ಅಲ್ಲಿ ಶಾಲೆಯ ಕೆಲಸ ಸಿಕ್ಕಿತು, ಕೆಲಸ ಸಿಕ್ಕಿದ್ದಕ್ಕೆ ಬಾಡಿಗೆ ಮನೆ ಸಿಕ್ಕಿತು. ಓದಿ ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ, ನಮ್ಮವ್ವನಿಗೆ ಗಾಳಿ ಕೊಡಿಸಿದೆ ಎನ್ನುತ್ತೇನೆ. ಅಪ್ಪ ಈಗಲೂ ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಚೀಲ ಹೊರುತ್ತಾನೆ. ಸಂಜೆ ಹಿತ್ತಲಲ್ಲೇ ಮೈ ತೊಳೆದು, ಅಂಗಿ ಬದಲಿಸಿ, ಆಮೇಲೆ ಒಳಗೆ ಬರುತ್ತಾನೆ.

ಅವ್ವ ರಾಣೇಬೆನ್ನೂರಿನಲ್ಲಿ ಬದುಕಿದ್ದಾಳೆ. ಬೀಡುಬಿಟ್ಟವಳಂತೆ ಬದುಕಿದ್ದಾಳೆ. ಕೂತು ಮಾಡುವ ಕೆಲಸವಿಲ್ಲ, ಜಗಳವಾಡಲು ಮಾಬವ್ವ ಇಲ್ಲ. ಹೋದ ಸುಗ್ಗಿಯಲ್ಲಿ ಹಟ ಹಿಡಿದಳು: “ಊರೊಳಗ ಬ್ಯಾಡ. ಊರಿನ ಸನೇಕರ ಹೋಗಿ ಮಂದಿ ಮಾರಿ ನೋಡಿ ಬರೂನು.”

ಮಾಬವ್ವನ ಮಗಳು ಶಬಾನಾಗೆ ಫೋನ್ ಮಾಡಿದೆ. ಬ್ಯಾಡಗಿಯ ರಸ್ತೆ ಹೆದ್ದಾರಿಯಿಂದ ಒಡೆಯುವ ಮೋಟೆಬೆನ್ನೂರಿನಲ್ಲಿ ಇಳಿಯುವುದು ಎಂದು ಮಾತಾಯಿತು. ಅಲ್ಲಿಗೆ ಘಾಟು ಮುಟ್ಟುವುದಿಲ್ಲ.

ನಾವು ಇಳಿದಾಗ ಅವರು ಆಗಲೇ ಬಂದು ನಿಂತಿದ್ದರು. ಓಣಿಯ ಹೆಂಗಸರೆಲ್ಲ, ಒಂದು ಟೆಂಪೊ ತುಂಬ. ಸುಗ್ಗಿಯ ನಡುವೆ, ಕೆಲಸದ ದಿನ. ನಾನು ಅವರನ್ನು ಹಾಗೆ ಎಂದೂ ನೋಡಿರಲಿಲ್ಲ. ಎಲ್ಲರೂ ತಲೆಗೆ ಎರೆದುಕೊಂಡಿದ್ದರು. ಕೂದಲು ಇನ್ನೂ ಒದ್ದೆ. ಎಲ್ಲರೂ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದರು. ಶಬಾನಾ ಎಲ್ಲರ ಕೈಯ ಕೆಂಪು ಹೋಗಲೆಂದು ನಿಂಬೆಹಣ್ಣು ಹಚ್ಚಿ ಉಜ್ಜಿಸಿದ್ದಳಂತೆ. ಅಷ್ಟಾದರೂ ಯಾರೂ ಹತ್ತಿರ ಬರಲಿಲ್ಲ. ರಸ್ತೆಯ ಆಚೆ ಬದಿಯಲ್ಲೇ ನಿಂತರು.

“ಅಲ್ಲೇ ಕುಂದ್ರು ಬೇ ನೀ. ನಮ್ಮ ಮೈಯಾಗ ಎಲ್ಲೆರ ಉಳದಿದ್ದೀತು,” ಎಂದಳು ಅವರಲ್ಲಿ ಹಿರಿಯಳಾದ ಗಂಗವ್ವ.

“ಬರ್ರೆ ಸನೇಕ. ಮದಲಗಿತ್ತಿಯರಂಗ ಶೃಂಗಾರ ಆಗಿ ಬಂದು ದೂರ ನಿಂತ್ರ ಹೆಂಗ?” ಎಂದಳು ಅವ್ವ. ಆ ಒಂದು ಮಾತಿಗೆ ಮೂರು ಸಲ ನಿಂತಳು.

ಒಬ್ಬೊಬ್ಬರಾಗಿ ರಸ್ತೆ ದಾಟಿ ಬಂದು ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಅವಳಿಂದ ಒಂದು ಮಾರು ಬಿಟ್ಟು ಕುಳಿತರು. ಯಾರ ಮಗಳು ಮೈನೆರೆದಳು, ಯಾರ ಸೊಸೆ ಬೇರೆ ಒಲೆ ಹೂಡಿದಳು, ಯಾವ ವರ್ತಕ ದಿವಾಳಿ ಎದ್ದ, ಎಲ್ಲ ಹೇಳಿದರು. ಅವ್ವ ತಲೆಯಾಡಿಸುತ್ತ ಕೇಳಿದಳು. ಶಬಾನಾ ತುಂಬು ಬಿಡಿಸಲು ತಾಯಿಯ ಜಾಗದಲ್ಲಿ ಈಗ ತಾನು ಕೂರುವುದಾಗಿ ಹೇಳಿದಾಗ, ಅವ್ವ ಅವಳನ್ನು ಹತ್ತಿರ ಎಳೆದು ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಬಸ್ ದೂರದಲ್ಲಿ ಕಾಣಿಸಿತು. ಗಂಗವ್ವ ಎದ್ದು ಸೀರೆ ಕೊಡವಿಕೊಳ್ಳಲು ಹೋಗಿ, ನೆನಪಾಗಿ, ಕೊಡವದೆ ನಿಂತು ಕೇಳಿದಳು, “ಅಲ್ಲೇ ದಿನಾ ಏನ ಮಾಡ್ತೀ ಬೇ ಮತ್ತ, ಕೆಲಸಿಲ್ಲ ಬೊಗಸಿಲ್ಲ?”

“ಉಸಿರಾಡ್ತೇನಿ,” ಎಂದಳು ಅವ್ವ.

ಹೆಂಗಸರೆಲ್ಲ ನಕ್ಕರು. ಅವ್ವ ನಗಲಿಲ್ಲ. ನಗುವುದಕ್ಕೂ ಉಸಿರು ಬೇಕು. ಅವಳು ಅದನ್ನು ಬಸ್ಸಿನ ಮೆಟ್ಟಿಲು ಹತ್ತುವುದಕ್ಕೆ ಇಟ್ಟುಕೊಂಡಿದ್ದಳು.